ಎರಡು ವಾರದಲ್ಲಿ ಒಗ್ಗುತ್ತೆ

ಮೆಟ್ಟಿಲು ಹತ್ತುವಾಗ ಈಗೀಗ ಅವಳು ಕಾಲ ಕೆಳಗೆ ನೋಡುತ್ತಾಳೆ. ಹನ್ನೊಂದು ವರ್ಷದಿಂದ ದಿನಾ ಹತ್ತಿಳಿದ ಮೆಟ್ಟಿಲು, ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಹತ್ತಬಲ್ಲಳು. ಆದರೂ ಒಂಬತ್ತು ದಿನಗಳಿಂದ ಒಂದೊಂದಕ್ಕೂ ಮುಂಚೆ ಬಲಗಾಲಿನ ತುದಿಯನ್ನು ಚಾಚಿ, ಮೆಟ್ಟಿಲು ತಾನಿರಬೇಕಾದಲ್ಲೇ ಇದೆಯೇ ಎಂದು ಸವರಿ ನೋಡಿ, ಆಮೇಲಷ್ಟೇ ಭಾರ ಬಿಡುತ್ತಾಳೆ. ಕಾಲಿನ ಈ ರೀತಿ ಅವಳದಲ್ಲ. ಚಪ್ಪಲಿ ಸಿಮೆಂಟನ್ನು ಸವರುವ ಸಣ್ಣ ಸದ್ದು, ಒಂದು ಬಿಡುವು, ಆಮೇಲೆ ಹೆಜ್ಜೆ. ಬದುಕಿದ್ದ ಕೊನೆಯ ಏಳು ತಿಂಗಳು ಅಪ್ಪ ಮನೆಯ ಮೆಟ್ಟಿಲಲ್ಲಿ ಮಾಡುತ್ತಿದ್ದ ಸದ್ದು ಇದು. ಒಳಗಿನ ಕೋಣೆಯಲ್ಲಿ ಕೂತು ಅದನ್ನು ಕೇಳುವಾಗ ಅವಳಿಗೆ ರೇಗುತ್ತಿತ್ತು. ನೆಟ್ಟಗೆ ನಡೆದು ಬರಬಾರದೇ, ಯಾಕೆ ಹೀಗೆ ಕಳ್ಳನ ಹಾಗೆ ಎಂದು. ಈಗ ಅದೇ ಸದ್ದು ತನ್ನ ಪಾದದಿಂದ ಏಳುವಾಗ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿ, ಗೋಡೆಯ ಕಡೆ ಸರಿದು ದಾರಿ ಬಿಡುತ್ತಾಳೆ. ಯಾರೂ ಬರುವುದಿಲ್ಲ. ಇವತ್ತು ಶುಕ್ರವಾರ, ಮೇಲಿನ ಮಹಡಿಯಿಂದ ಆಗಲೇ ಗಾಜು ಉಜ್ಜುವ ಯಂತ್ರದ ಸುಯ್ಯೆನ್ನುವ ಸದ್ದು, ಒದ್ದೆ ಗಾಜಿನ ಪುಡಿಯ ವಾಸನೆ ಇಳಿದು ಬರುತ್ತಿತ್ತು.

ಕನ್ನಡಕದ ಮಸೂರ ತಯಾರಿಸುವ ವರ್ಕ್‌ಶಾಪು ಅದು. ಊರಿನ ಕನ್ನಡಕದಂಗಡಿಗಳು ಗಿರಾಕಿಗಳ ಕಣ್ಣಿನ ನಂಬರು ಕಳಿಸುತ್ತವೆ, ಇಲ್ಲಿ ಉಜ್ಜಿ, ಅಂಚು ಕತ್ತರಿಸಿ, ಚೌಕಟ್ಟಿಗೆ ಕೂರಿಸಿ ವಾಪಸ್ಸು ಕಳಿಸುತ್ತಾರೆ. ಒಂದೊಂದು ಕೆಲಸಕ್ಕೂ ಒಂದೊಂದು ನೀಲಿ ಟ್ರೇ, ಟ್ರೇಯಲ್ಲಿ ಎರಡು ಗುಳಿ, ಗುಳಿಗೊಂದು ಗಾಜು. ಟ್ರೇಗಳು ಕೊನೆಗೆ ಬಂದು ಸೇರುವುದು ಕಿಟಕಿಯ ಪಕ್ಕದ ಮೇಜಿಗೆ, ಅಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವ ಪರೀಕ್ಷಕನ ಕೈಗೆ. ಹುಟ್ಟಿದಾಗ ಇಟ್ಟ ಹೆಸರು ಯಾರಿಗೂ ನೆನಪಿಲ್ಲದಂತೆ ಎಲ್ಲರೂ ಅವರನ್ನು ಮಸೂರಯ್ಯ ಎನ್ನುತ್ತಾರೆ. ಅವರು ಇವತ್ತೂ ಅವಳಿಗಿಂತ ಮುಂಚೆ ಬಂದು ಕೂತಿದ್ದರು. ಮೊದಲೆಲ್ಲ ಅವಳು ಒಳಗೆ ಬಂದರೆ "ಬಂದ್ಲಪ್ಪ ಮೋಡಿ ಲಿಪಿ" ಅನ್ನುತ್ತಿದ್ದರು. ಇಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವಳು ಅವಳು, ಬರೆಯುವ ಭಾಷೆ ಅವರ ಪ್ರಕಾರ ತಾಮ್ರಪಟದ ಕಾಲದ್ದು. ಒಂಬತ್ತು ದಿನದಿಂದ ಅವರು ತಮಾಷೆ ಮಾಡುವುದಿಲ್ಲ. ಒಂದು ಗಾಜನ್ನು ಯಂತ್ರಕ್ಕಿಟ್ಟು ಅಳೆಯುತ್ತಾರೆ, ಚೀಟಿ ನೋಡುತ್ತಾರೆ, ಪಕ್ಕಕ್ಕಿಡುತ್ತಾರೆ, ಮತ್ತೆ ಎತ್ತಿಕೊಂಡು ಅಳೆಯುತ್ತಾರೆ. ತಮ್ಮ ಬಲಗೈಯನ್ನೊಮ್ಮೆ ಎಡಗೈಯನ್ನೊಮ್ಮೆ ನೋಡಿಕೊಳ್ಳುತ್ತಾರೆ, ಇವುಗಳಲ್ಲಿ ಯಾವುದು ಯಾವುದೆಂದು ಯಾರಾದರೂ ಬಂದು ಹೇಳಲಿ ಎಂಬಂತೆ.

ಒಂಬತ್ತು ದಿನದ ಹಿಂದೆ ಒಂದು ಅಂಗಡಿಯಿಂದ ಕನ್ನಡಕವೊಂದು ವಾಪಸ್ಸು ಬಂದಿತ್ತು. ಬಲಗಣ್ಣಿನದು ಎಡಕ್ಕೆ, ಎಡಗಣ್ಣಿನದು ಬಲಕ್ಕೆ ಕೂತಿದೆ ಎಂದು ದೂರು. ಕೊನೆಯಲ್ಲಿ ಮುಟ್ಟಿದ ಕೈ ಮಸೂರಯ್ಯನದು, ಹಾಗಾಗಿ ತಪ್ಪು ಮಸೂರಯ್ಯನದು. ಮ್ಯಾನೇಜರ್ ಎಲ್ಲರೆದುರೇ ಕರೆದು ಕೇಳಿದರು, ಗದರಲಿಲ್ಲ, ಅದೇ ಇನ್ನೂ ಕೆಟ್ಟದ್ದಾಯಿತು. ದೊಡ್ಡವರನ್ನು ಸಣ್ಣ ಮಗುವಿನ ಹಾಗೆ ಮೃದುವಾಗಿ ಕೇಳಿದರು. ಮಸೂರಯ್ಯ ವಾದಿಸಲಿಲ್ಲ. ಟ್ರೇಯನ್ನೇ ನೋಡುತ್ತ, ಕೈ ತಪ್ಪಿರಬೇಕು, ವಯಸ್ಸಾಯಿತಲ್ಲ ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿದರು. ಬರುವ ಸೋಮವಾರದಿಂದ ಅವರಿಗೆ ಪ್ಯಾಕಿಂಗ್ ಕೆಲಸ. ಅವರು ಸಹಿ ಹಾಕುತ್ತಿದ್ದಾಗ ಅವಳು ಎರಡು ಮಾರು ದೂರದಲ್ಲಿ ತನ್ನ ಕಂಪ್ಯೂಟರಿನ ಮುಂದಿದ್ದಳು. ವಾಪಸ್ಸು ಬಂದ ಕನ್ನಡಕದ ಕೆಲಸದ ನಂಬರನ್ನು ಸುಮ್ಮನೆ ಕುತೂಹಲಕ್ಕೆಂದು ತೆಗೆದು ನೋಡಿದ್ದಳು, ಅದು ಒಮ್ಮೆ ಮುಗಿಸಿ ಮತ್ತೆ ತೆರೆದಿದ್ದ ಆರ್ಡರು ಎಂದು ಕಂಡಿತ್ತು, ಮತ್ತೆ ತೆರೆಯುವ ಪ್ರೋಗ್ರಾಮಿನ ಆ ಪುಟವನ್ನು ತೆರೆದಿದ್ದಳು. ಅದನ್ನು ಬರೆದವಳು ಅವಳೇ. ಹತ್ತನೆಯ ಸಾಲಿನಲ್ಲಿ ತಪ್ಪು ಸಿಕ್ಕಿತ್ತು. ಸುತ್ತ ನೋಡಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಒಂದು ಸಾಲು ಅಳಿಸಿ, ಸೇವ್ ಮಾಡಿ, ಪುಟ ಮುಚ್ಚಿದಳು. ನಾಲ್ಕು ನಿಮಿಷದ ಕೆಲಸ. ಅಂದು ಸಂಜೆ ಯಾವಾಗಲೂ ಹೋಗುವ ಬಸ್ಸಿಗೇ ಹೋಗಿ, ಯಾವಾಗಲೂ ಕೂರುವ ಸೀಟಿನಲ್ಲೇ ಕೂತು ಮನೆ ಸೇರಿದಳು.

ಗಾಜು ಉಜ್ಜುವ ಯಂತ್ರವನ್ನು ಮಾರಿದ ಕಂಪನಿ ಅದರ ಜೊತೆಗೆ ಒಂದು ಲೈಬ್ರರಿ ಕೊಟ್ಟಿತ್ತು. ಪುಸ್ತಕದ್ದಲ್ಲ, ಯಂತ್ರದ ಜೊತೆ ಮಾತಾಡಬೇಕಾದ ಪ್ರೋಗ್ರಾಮುಗಳು ಬಂದು ತಟ್ಟಬೇಕಾದ ಬಾಗಿಲುಗಳ ಸಾಲು. ತಟ್ಟಿ, ಇಂಥ ನಂಬರಿನ ಕೆಲಸ ಕೊಡು ಎಂದರೆ ಆ ಕೆಲಸವನ್ನು ಒಂದು ವಸ್ತುವಾಗಿ, ಆಬ್ಜೆಕ್ಟಾಗಿ, ಕೈಗಿಡುತ್ತದೆ. ಒಳಗೇನಿದೆ ಎಂದು ತೋರಿಸುವುದಿಲ್ಲ. ನಿನಗೆ ಏನೇನು ಬರುತ್ತದೆ ಎಂದು ಅದನ್ನೇ ಕೇಳಬೇಕು, ಬರುತ್ತದೆ ಅಂದದ್ದನ್ನು ಮಾಡಿಸಿಕೊಳ್ಳಬೇಕು, ಮುಗಿದ ಮೇಲೆ ಬಿಟ್ಟೆ ಎಂದು ಹೇಳಿ ಬಿಡಬೇಕು. ಹೇಳದೆ ಹೋದರೆ ಅದು, ನನ್ನನ್ನು ಹಿಡಿದವರು ಇನ್ನೂ ಎಲ್ಲೋ ಇದ್ದಾರೆ ಎಂದುಕೊಂಡು, ಕಂಪ್ಯೂಟರಿನ ನೆನಪಿನ ಮೂಲೆಯಲ್ಲಿ ಕೂತೇ ಇರುತ್ತದೆ. ಲೋಕದ ಮಂದಿಯೆಲ್ಲ ಬಳಸುವ ಭಾಷೆಗಳಲ್ಲಿ ಇದೆಲ್ಲ ಒಂದು ಸಾಲಿನ ಮಾತು. ಆದರೆ ವರ್ಕ್‌ಶಾಪಿನ ಪ್ರೋಗ್ರಾಮುಗಳು ಇದ್ದದ್ದು ಎಲ್ಲೂ ಕಲಿಸದ ಹಳೆಯದೊಂದು ಭಾಷೆಯಲ್ಲಿ. ಅವಳಿಗಿಂತ ಮುಂಚೆ ಇದ್ದವರು ಬರೆದಿಟ್ಟು, ಅವಳಿಗೆ ಒಂದು ತಿಂಗಳು ಹೇಳಿಕೊಟ್ಟು ನಿವೃತ್ತರಾಗಿದ್ದರು. ಯಂತ್ರದ ಕಂಪನಿಯ ಕೈಪಿಡಿಯಲ್ಲಿ ಐದು ಭಾಷೆಗಳಿಗೆ ಪುಟಗಳಿದ್ದವು, ಇವಳದಕ್ಕೆ ಇರಲಿಲ್ಲ. ಕೇಳಿ ಬರೆದರೆ, ಆ ಭಾಷೆ ಇನ್ನೂ ಬದುಕಿದೆಯೇ ಎಂದು ಯಾರೋ ಆಶ್ಚರ್ಯಪಟ್ಟು ಉತ್ತರ ಬರೆದಿದ್ದರು. ಆ ಪತ್ರವನ್ನು ಅಪ್ಪನಿಗೆ ಓದಿ ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕಿದ್ದ. ಅವನು ಗಡಿಯಾರ ರಿಪೇರಿ ಮಾಡುವವನು. ನನ್ನನ್ನೂ ಹಾಗೇ ಕೇಳ್ತಾರೆ ಕಣೇ ಎಂದಿದ್ದ.

ಹಾಗಾಗಿ ತನ್ನ ಭಾಷೆಗೂ ಆ ಲೈಬ್ರರಿಗೂ ನಡುವೆ ಅವಳು ಸೇತುವೆಯನ್ನು ತಾನೇ ಕಟ್ಟಬೇಕಾಯಿತು. ಆಗಲೇ ತಿಳಿದದ್ದು, ಬಾಗಿಲಿನಾಚೆ ಇರುವುದು ತನಗೆ ಕೊಟ್ಟದ್ದನ್ನು ಕೊನೆಯಿಂದ ಮೊದಲಿಗೆ ಎಣಿಸಿಕೊಳ್ಳುತ್ತದೆ ಎಂದು. ಬಲ, ಎಡ ಎಂದು ಹೇಳಬೇಕಾದರೆ ಮೊದಲು ಎಡವನ್ನು ಇಟ್ಟು ಆಮೇಲೆ ಬಲವನ್ನು ಇಡಬೇಕು. ಉಳಿದ ಭಾಷೆಗಳವರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ, ಅವರ ಭಾಷೆಯೇ ತಿರುಗಿಸಿ ಇಟ್ಟುಕೊಟ್ಟಿರುತ್ತದೆ. ಅವಳು ತನ್ನ ಭಾಷೆಯಲ್ಲಿ ತಿರುಗಿಸುವ ಒಂದು ಸಣ್ಣ ತುಣುಕು ಬರೆದಳು. ಒಂಬತ್ತು ವರ್ಷ ಅದು ಒಂದು ಸಲವೂ ತಪ್ಪಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ಮುಗಿದ ಆರ್ಡರನ್ನು ಮತ್ತೆ ತೆರೆದು ತಿದ್ದುವ ಅನುಕೂಲ ಬೇಕು ಎಂದಾಗ ಹೊಸ ಪುಟ ಬರೆದಳು. ಬರೆಯುವಾಗ, ಆಚೆಯದು ಹಿಂದುಮುಂದಾಗಿ ಎಣಿಸುತ್ತದೆ, ಹುಷಾರು, ಎಂದು ತನಗೆ ತಾನೇ ಹೇಳಿಕೊಂಡು ಕೈಯಾರೆ ತಿರುಗಿಸಿ ಇಟ್ಟಳು. ಒಳಗಿನ ತುಣುಕು ಅದನ್ನು ಇನ್ನೊಂದು ಸಲ ತಿರುಗಿಸಿತು. ಎರಡು ಸಲ ಹುಷಾರಾದದ್ದೇ ತಪ್ಪಾಯಿತು. ಒಂದು ಅಂಕೆ, ಇನ್ನೊಂದು ಹೆಸರು ಎಂದಿದ್ದರೆ ಲೈಬ್ರರಿ ಅಲ್ಲೇ ಕೂಗಿಕೊಳ್ಳುತ್ತಿತ್ತು. ಇದ್ದದ್ದು ಎರಡು ಕಣ್ಣು, ಎರಡೂ ಒಂದೇ ಜಾತಿ. ಕೊಟ್ಟದ್ದನ್ನು ಕೊಟ್ಟ ಹಾಗೆ ತೆಗೆದುಕೊಂಡಿತು. ಮಸೂರಯ್ಯ ತಾಳೆ ನೋಡುವ ಚೀಟಿಯನ್ನೂ ಅದೇ ಅಚ್ಚು ಹಾಕುವುದು. ಗಾಜೂ ಚೀಟಿಯೂ ಒಂದೇ ಬಾಯಿಂದ ಬಂದ ಎರಡು ಸಾಕ್ಷಿ. ಮಸೂರಯ್ಯ ನೋಡಿದ್ದು ಸರಿಯಾಗಿಯೇ ನೋಡಿದ್ದರು.

ಬಹುತೇಕ ಜನರ ಎರಡೂ ಕಣ್ಣಿನ ನಂಬರು ಹೆಚ್ಚುಕಡಿಮೆ ಒಂದೇ. ಅಂಥವರಿಗೆ ಏನೂ ಆಗಿರುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ಮತ್ತೆ ತೆರೆದ ಆರ್ಡರುಗಳು ಮುನ್ನೂರ ಹನ್ನೊಂದು. ಎರಡು ಕಣ್ಣಿಗೂ ಸಾಕಷ್ಟು ವ್ಯತ್ಯಾಸವಿದ್ದು, ಒಂದರ ಗಾಜಿನ ಬಾಗು ಒಂದು ಕಡೆ ಓರೆಯಾಗಿ ಇನ್ನೊಂದರದು ಇನ್ನೊಂದು ಕಡೆ ಇದ್ದವರು, ವಾಪಸ್ಸು ಬಂದದ್ದನ್ನು ಬಿಟ್ಟು, ಮೂವತ್ತೆಂಟು ಜನ. ಪಟ್ಟಿಯನ್ನು ಎರಡನೆಯ ದಿನವೇ ತೆಗೆದಿದ್ದಳು, ಅಂಗಡಿಗಳು ಕಳಿಸಿದ ಫೋನ್ ನಂಬರುಗಳ ಸಮೇತ. ಮಡಿಚಿ ಚೀಲದ ಒಳಜೇಬಿನಲ್ಲಿಟ್ಟು, ಅಂದಿನಿಂದ ಹೊತ್ತು ತಿರುಗುತ್ತಿದ್ದಾಳೆ. ಬಸ್ ಸ್ಟಾಪಿನಲ್ಲಿ ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಬಸ್ಸಿನ ಮೆಟ್ಟಿಲಿಗೆ ಕಾಲಿಡುವ ಮುಂಚೆ ಒಂದು ಗಳಿಗೆ ತಡೆದರೆ ಸಾಕು, ಇವಳು ಪಟ್ಟಿಯಲ್ಲಿದ್ದಾಳೆ ಅನ್ನಿಸುತ್ತದೆ. ಊರಿನಲ್ಲಿ ಇಷ್ಟು ಜನ ಇಷ್ಟು ಎಚ್ಚರದಿಂದ ಕಾಲಿಡುತ್ತಾರೆಂದು ಅವಳಿಗೆ ಮುಂಚೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಹತ್ತೊಂಬತ್ತನೆಯ ಹೆಸರು ಅಪ್ಪನದು.

ಅಪ್ಪನ ಆರ್ಡರು ಸರಿಯಾಗಿಯೇ ಮುಗಿದಿತ್ತು. ಟ್ರೇ ಹೊರಗೆ ಹೋಗುವ ಹೊತ್ತಿಗೆ ಅವಳಿಗೆ ಆಸೆಯಾಯಿತು. ದಿನವಿಡೀ ಹಿತ್ತಾಳೆಯ ಚೂರು, ಚಿಮಟ, ಸ್ಕ್ರೂಗಳ ಮಧ್ಯೆ ಇರುವ ಕನ್ನಡಕ, ಗೀರು ಬೀಳದ ಲೇಪ ಹಾಕಿಸೋಣ, ನನ್ನ ಕಡೆಯಿಂದ ಇರಲಿ ಎಂದು. ಮುಗಿದ ಆರ್ಡರನ್ನು ಮತ್ತೆ ತೆರೆದಳು. ಅಷ್ಟೇ ಅವಳು ಮಾಡಿದ್ದು. ಈಗ ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಾಳೆ: ಸುಮ್ಮನಿದ್ದಿದ್ದರೆ ಅಪ್ಪನ ಬಲಗಣ್ಣಿಗೆ ಬಲಗಣ್ಣಿನ ಗಾಜೇ ಸಿಗುತ್ತಿತ್ತು. ಕನ್ನಡಕ ಹಾಕಿಕೊಂಡ ಮೊದಲ ದಿನ ಅಪ್ಪ ಬಾಗಿಲಲ್ಲಿ ನಿಂತು, ನೆಲ ಆ ಕಡೆಗೆ ಇಳಿಜಾರಾಗಿದೆಯಲ್ಲೇ ಎಂದ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನ ಮೂಗಿನ ಮೇಲೆ ಕನ್ನಡಕವನ್ನು ಸರಿಯಾಗಿ ಕೂರಿಸಿ ಹೇಳಿದ್ದಳು. "ಹೊಸ ಕನ್ನಡಕ ಅಂದ್ರೆ ಹಾಗೇ ಅಪ್ಪ. ಎರಡು ವಾರ ಹಾಕ್ಕೋ, ಒಗ್ಗುತ್ತೆ." ಅವನು ತಲೆಯಾಡಿಸಿದ. ಹೇಳಿದವಳು ಕನ್ನಡಕದ ವರ್ಕ್‌ಶಾಪಿನವಳು, ಮೇಲಾಗಿ ಮಗಳು. ಎರಡು ವಾರ ಕಳೆದ ಮೇಲೆ ಅವನು ದೂರು ಹೇಳುವುದನ್ನು ಬಿಟ್ಟ. ಒಗ್ಗಿತು ಎಂದು ಅವಳು ಅಂದುಕೊಂಡಳು. ನೆಲ ಓರೆಯಾಗಿಯೇ ಇತ್ತು, ಅವನು ಓರೆ ಇರುವುದು ತನ್ನೊಳಗೆ ಎಂದುಕೊಂಡಿದ್ದ.

ಆಮೇಲಿನದೆಲ್ಲ ಯಾರೂ ಅವಸರ ಮಾಡದೆ, ಯಾರೂ ಜೋರಾಗಿ ಮಾತಾಡದೆ ನಡೆಯಿತು. ಮುಳ್ಳು ಕೂರಿಸುವಾಗ ಕೈ ತಪ್ಪುತ್ತಿದೆ ಎಂದ. ಒಬ್ಬರ ಗಡಿಯಾರದ ಗಾಜು ಒಡೆಯಿತು. ಲೋಟ ಮೇಜಿನ ಅಂಚಿಗಿಟ್ಟು ಬೀಳಿಸಿದ. ಅಣ್ಣ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ತಲೆಯ ಫೋಟೋ ತೆಗೆಸಿದರು, ವಾರ ತಿಥಿ ಕೇಳಿದರು, ತಲೆಸುತ್ತಿಗೆ ಮಾತ್ರೆ ಕೊಟ್ಟರು, ಮಾತ್ರೆಯಿಂದ ಅವನಿಗೆ ಹಗಲೂ ಮಂಪರು ಹತ್ತಿತು. ಕಣ್ಣು ತೋರಿಸಿದಿರಾ ಎಂದು ಡಾಕ್ಟರು ಕೇಳಿದ್ದರಂತೆ. ಕನ್ನಡಕ ಹೊಸದು, ಮಗಳೇ ಮಾಡಿಸಿಕೊಟ್ಟದ್ದು, ಅದರಲ್ಲಿ ಅನುಮಾನವೇ ಇಲ್ಲ ಎಂದು ಅಣ್ಣ ಹೇಳಿದನಂತೆ. ಆ ಮಾತನ್ನು ಅಣ್ಣ ಮನೆಗೆ ಬಂದು ಅವಳಿಗೆ ಹೆಮ್ಮೆಯಿಂದಲೇ ಒಪ್ಪಿಸಿದ್ದ. ಒಂದು ದಿನ ಅಣ್ಣ ಅಪ್ಪನ ಕೈಯಲ್ಲಿದ್ದ ಭೂತಗನ್ನಡಿಯನ್ನು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಕಪ್ಪು ಕೊಳವೆಯನ್ನು, ಸಾಕು ಇನ್ನು ಎಂದು ಕಿತ್ತುಕೊಂಡು ಮೇಲಿನ ಕಪಾಟಿನಲ್ಲಿಟ್ಟ. ಅಪ್ಪ ಅದನ್ನು ಹುಡುಕಲಿಲ್ಲ. ಎರಡು ತಿಂಗಳ ನಂತರ ಮೆಟ್ಟಿಲಿಂದ ಬಿದ್ದು ಸೊಂಟ ಮುರಿಯಿತು, ಆಸ್ಪತ್ರೆಯಲ್ಲಿ ಕಫ ಕಟ್ಟಿತು, ಇಪ್ಪತ್ತೆರಡು ದಿನಕ್ಕೆ ಮುಗಿಯಿತು. ಮಂಚದ ಪಕ್ಕ ಕೂತಿದ್ದಾಗ ಒಂದು ಮಧ್ಯಾಹ್ನ ಅಪ್ಪ ಕನ್ನಡಕವಿಲ್ಲದ ಕಣ್ಣಿನಿಂದ ಎದುರಿನ ಗೋಡೆ ನೋಡುತ್ತ, ಈ ಕೋಣೆ ನೆಟ್ಟಗಿದೆ ಎಂದಿದ್ದ. ಅವಳು ಅದನ್ನು ಜ್ವರದ ಮಾತು ಎಂದುಕೊಂಡು ಅಣ್ಣನ ಕಡೆ ನೋಡಿ ತಲೆಯಲ್ಲಾಡಿಸಿದ್ದಳು. ಅಣ್ಣನೂ ತಲೆಯಲ್ಲಾಡಿಸಿದ್ದ. ಆ ತಲೆಯಾಡಿಸಿದ್ದು ಈಗ ಯಾವ ಹೊತ್ತಿನಲ್ಲಾದರೂ ನೆನಪಿಗೆ ಬರುತ್ತದೆ. ಹಲ್ಲುಜ್ಜುವಾಗ, ಕೀಲಿಮಣೆಯ ಮೇಲೆ ಕೈಯಿಟ್ಟಾಗ, ಯಾರೋ ಏನನ್ನೋ ಹೌದಾ ಎಂದು ಕೇಳಿದಾಗ.

ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣ ಫೋನ್ ಮಾಡಿದ. ಆಫೀಸಿನವರು ಎಲ್ಲರಿಗೂ ತಪಾಸಣೆ ಮಾಡಿಸುತ್ತಿದ್ದಾರೆ, ಆಸ್ಪತ್ರೆಯಲ್ಲಿ ಫಾರಂ ಹಿಡಿದು ಕೂತಿದ್ದೇನೆ ಎಂದ. ಹಿನ್ನೆಲೆಯಲ್ಲಿ ಯಾರನ್ನೋ ನಂಬರು ಹಿಡಿದು ಕರೆಯುವ ಸದ್ದು. ಅವನು ಮೊದಲು ಅತ್ತಿಗೆಯ ಮೊಣಕಾಲು ನೋವಿನ ಸುದ್ದಿ ಹೇಳಿದ, ಬಿಸಿಲಿನ ಸುದ್ದಿ ಹೇಳಿದ. ವಿಷಯಕ್ಕೆ ಬರಲು ಅವನಿಗೆ ಕಷ್ಟವಾಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಅವಳು ಡಬ್ಬಿ ಮುಚ್ಚಿ ಕಾರಿಡಾರಿಗೆ ಬಂದಳು.

"ಇಲ್ಲೊಂದು ಕೇಳಿದ್ದಾರೆ," ಎಂದ ಅಣ್ಣ. "ತಂದೆತಾಯಿಗೆ ಮರೆವು, ಬುದ್ಧಿಭ್ರಮಣೆ ಇತ್ತಾ ಅಂತ. ಹೌದು, ಇಲ್ಲ, ಎರಡೇ ಇರೋದು. ಹೌದು ಅಂತ ಹಾಕಿಬಿಡ್ಲಾ?"

ಖಾಲಿ ಬಿಡು ಎಂದಳು ಅವಳು. ಖಾಲಿ ಬಿಟ್ಟರೆ ಕೌಂಟರಿನವಳು ವಾಪಸ್ಸು ಕೊಡುತ್ತಾಳೆ, ಆಗಲೇ ಒಬ್ಬರಿಗೆ ಕೊಟ್ಟಳು ಎಂದ ಅವನು. ದನಿ ತಗ್ಗಿಸಿ, ಹೋದ ವಾರ ಗಾಡಿಯ ಕೀ ಎಲ್ಲಿಟ್ಟೆ ಎಂದು ಗೊತ್ತಾಗದೆ ಇಡೀ ಮನೆ ಹುಡುಕಿದ್ದನ್ನು ಹೇಳಿದ. ಕೊನೆಗೆ ಅದು ಫ್ರಿಜ್ಜಿನ ಮೇಲಿತ್ತು. ಅತ್ತಿಗೆ ನಕ್ಕಳು, ನನಗೆ ನಗು ಬರಲಿಲ್ಲ ಎಂದ. ಅಪ್ಪನಿಗೂ ಹೀಗೇ ಅಲ್ಲವಾ ಶುರುವಾದದ್ದು, ಲೋಟ ಬೀಳಿಸುವುದರಿಂದ. ಐವತ್ತೆರಡು ವರ್ಷದ ಅಣ್ಣನ ದನಿಯಲ್ಲಿ ಅವಳು ಎಂದೂ ಕೇಳದಿದ್ದ ಒಂದು ಎಳೆತನವಿತ್ತು, ಮಕ್ಕಳು ಕತ್ತಲೆಯಲ್ಲಿ ಏನೋ ಇದೆಯಾ ಎಂದು ಕೇಳುವಾಗ ಇರುವಂಥದ್ದು. ಕಾರಿಡಾರಿನ ಗೋಡೆಗೆ ಅವಳು ಬೆನ್ನು ಕೊಟ್ಟಳು. ಇಲ್ಲ ಎಂದು ಹಾಕು ಎನ್ನಬಹುದು, ಫೋನು ಇಡಬಹುದು. ಅವನು ಯಾಕೆಂದು ಕೇಳಿದರೆ ಏನಾದರೂ ಹೇಳಬಹುದು. ಅವಳ ಬಾಯಿ ಅದಕ್ಕೆಲ್ಲ ಸಿದ್ಧವಾಗಿತ್ತು, ಒಂಬತ್ತು ದಿನದಿಂದ ಸಿದ್ಧವಾಗಿಯೇ ಇತ್ತು.

"ಇಲ್ಲ ಅಂತ ಹಾಕು," ಎಂದಳು. "ಅಪ್ಪನ ತಲೆ ಸರಿಯಾಗಿತ್ತು. ಕನ್ನಡಕ ತಪ್ಪಾಗಿತ್ತು ಅಣ್ಣ. ಬಲಗಣ್ಣಿಂದು ಎಡಕ್ಕೆ ಹೋಗಿತ್ತು. ನನ್ನ ಪ್ರೋಗ್ರಾಮಿನ ತಪ್ಪು. ನನ್ನದು."

ಅಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ, ನಿಧಾನವಾಗಿ, ಯಂತ್ರ ಲೈಬ್ರರಿ ಯಾವುದನ್ನೂ ತರದೆ ಹೇಳಿದಳು. ಆ ಕಡೆ ಯಾರದೋ ನಂಬರು ಕರೆದರು, ಮತ್ತೊಮ್ಮೆ ಕರೆದರು. ಅವನು ಬೈಯುತ್ತಾನೆ ಎಂದು ಕಾದಳು, ಬೈದರೆ ಸಾಕು ಅನ್ನಿಸಿತ್ತು.

"ಇದನ್ನ ನನಗ್ಯಾಕೆ ಹೇಳಿದೆ?" ಎಂದ ಅಣ್ಣ ಕೊನೆಗೆ. "ತಲೆ ಕೆಟ್ಟಿತ್ತು ಅಂದ್ಕೊಂಡೇ ನಾನು ಅವನ ಕೈಯಿಂದ ಕಿತ್ಕೊಂಡಿದ್ದು. ಹಾಗಂದ್ಕೊಂಡೇ ರಾತ್ರಿ ನಿದ್ದೆ ಬರ್ತಿತ್ತು ನಂಗೆ."

ಫೋನು ನಿಂತಿತು. ಅವನೇ ಇಟ್ಟನೋ, ಅವನ ಸರದಿ ಬಂತೋ. ಅವನು ಯಾವುದಕ್ಕೆ ಗೀಟು ಹಾಕಿದ ಎಂದು ಅವಳಿಗೆ ತಿಳಿಯಲಿಲ್ಲ, ಆಮೇಲೆ ಅವಳು ಕೇಳಲೂ ಇಲ್ಲ. ಒಬ್ಬ ಮನುಷ್ಯನ ಹೆದರಿಕೆ ತೆಗೆಯಲು ಹೋಗಿ ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಂದಂತಾಗಿತ್ತು. ಆದರೂ ಹೇಳಿದ ಮಾತು ಹೊರಗೆ ಬಂದ ಮೇಲೆ ಒಳಗೆ ಅದು ಇದ್ದ ಜಾಗದಲ್ಲಿ ಗಾಳಿಯಾಡುತ್ತಿತ್ತು, ಅವಳಿಗೆ ನಾಚಿಕೆಯಾಗುವಷ್ಟು. ಚೀಲದಿಂದ ಪಟ್ಟಿ ತೆಗೆದುಕೊಂಡು ಸೀದಾ ಮ್ಯಾನೇಜರ ಕೋಣೆಗೆ ಹೋದಳು. ಆ ಗಾಳಿ ನಿಲ್ಲುವ ಮುಂಚೆ ಹೋಗಬೇಕಿತ್ತು.

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಅವಳು ಹೇಳುತ್ತಿದ್ದಂತೆ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಮೊದಲು ಕೇಳಿದ್ದು, ಈಗ ಸರಿಯಾಗಿದೆಯಾ ಎಂದು. ಆಗಿದೆ ಎಂದಳು. ಯಾವತ್ತು ಸರಿಪಡಿಸಿದಿರಿ ಎಂದು ಅವರು ಕೇಳಲಿಲ್ಲ, ಅವಳಾಗಿ ಹೇಳಲಿಲ್ಲ. ಹಾಗಿದ್ದರೆ ಮುಗಿಯಿತಲ್ಲ ಎಂದು ಅವರ ಮುಖ ಸ್ವಲ್ಪ ಸಡಿಲವಾಯಿತು. ಅಂಗಡಿಗಳ ಮೂಲಕ ಒಂದು ಪತ್ರ ಕಳಿಸೋಣ, ಉಚಿತ ಮರುತಪಾಸಣೆ ಎಂದು, ಬರುವವರು ಬರುತ್ತಾರೆ, ಯಾರಿಗೂ ಗಾಬರಿಯಾಗುವುದಿಲ್ಲ. ಇದೆಲ್ಲ ಮೇಲಿನವರನ್ನು ಕೇಳಿಯೇ ಮಾಡಬೇಕು, ಸೋಮವಾರದ ಮುಂಚೆ ಅವರು ಸಿಗುವುದಿಲ್ಲ. ಅವರು ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಇವರಲ್ಲಿ ಯಾರಿಗಾದರೂ ಏನಾದರೂ ಆಗಿದೆಯಾ, ಬಿದ್ದದ್ದು ಗಿದ್ದದ್ದು, ಎಂದರು. ಒಬ್ಬರು ಎಂದು ಅವಳು ಹತ್ತೊಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವರು ಆ ಹೆಸರನ್ನು ಓದಿದರು. ಅಪ್ಪ ಹೋದ ದಿನ ಅವರೂ ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ವಯಸ್ಸಾಗಿತ್ತು, ನರಳಲಿಲ್ಲವಲ್ಲ ಎಂದಿದ್ದರು.

"ಅದು ಹೀಗೇ ಅಂತ ಹೇಳೋಕಾಗಲ್ಲಮ್ಮ," ಎಂದರು, ತುಂಬ ಮೆಲ್ಲಗೆ. "ವಯಸ್ಸಾದೋರು ಬೀಳ್ತಾರೆ. ನೀವು ನಿಮ್ಮ ತಲೆಗೆ ಹಚ್ಕೋಬೇಡಿ."

ಅದೇ ದನಿ. ಮಸೂರಯ್ಯನ ಹತ್ತಿರ ಮಾತಾಡಿದ ದನಿಯೇ. ಆ ದನಿಯ ಮೇಲೆ ತಲೆಯಿಟ್ಟು ಮಲಗಿಬಿಡಬಹುದಿತ್ತು, ಅಷ್ಟು ಮೆತ್ತಗಿತ್ತು. ಅವರು ಹೇಳಿದ್ದು ಸುಳ್ಳೂ ಅಲ್ಲ, ವಯಸ್ಸಾದವರು ಸರಿಯಾದ ಕನ್ನಡಕ ಹಾಕಿಕೊಂಡೂ ಬೀಳುತ್ತಾರೆ. ಅವಳಿಗೆ ಎಂದಿಗೂ ಖಚಿತವಾಗಿ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂಬುದು ಎಷ್ಟು ಅನುಕೂಲದ ಮಾತು ಎಂದು ಯೋಚಿಸುತ್ತ ಅವಳು ಪಟ್ಟಿಯನ್ನು ವಾಪಸ್ಸು ಎತ್ತಿಕೊಂಡಳು. ನಾನು ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ ಎಂದಳು. ಮಸೂರಯ್ಯನ ಸಹಿಯ ಕಾಗದವನ್ನು ಹರಿಯಬೇಕು ಎಂದೂ ಹೇಳಿದಳು. ಮ್ಯಾನೇಜರ್ ಪೆನ್ನನ್ನು ಮೇಜಿನ ಮೇಲಿಟ್ಟರು. ಫೋನಿನ ವಿಷಯ ನಾನು ಕೇಳಿಸಿಕೊಂಡಿಲ್ಲ ಎಂದು ಹೇಳಿ ತಮ್ಮ ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಅದರ ಪರದೆ ಆಗ ಕಪ್ಪಾಗಿ ಆರಿತ್ತು, ಅವರು ಅದನ್ನೇ ನೋಡುತ್ತ ಕೂತರು.

ಅವಳು ಹೇಳಿದ್ದನ್ನು ಮಸೂರಯ್ಯ ಪೂರ್ತಿ ಕೇಳಿಸಿಕೊಂಡರು. ಆ ಸಾಲು ತೋರಿಸಿ ಎಂದರು. ಅವರಿಗೆ ಅದನ್ನು ಓದಲು ಬರುವುದಿಲ್ಲ. ಆದರೂ ಅವಳು ತನ್ನ ಜಾಗಕ್ಕೆ ಕರೆದುಕೊಂಡು ಹೋಗಿ, ಹಳೆಯ ಪ್ರತಿಯನ್ನು ತೆರೆದು, ತಾನು ಅಳಿಸಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಅವರು ಸೊಂಟ ಬಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ಗಾಜಿನಲ್ಲಿ ಗೀರು ಹುಡುಕುವ ಹಾಗೆ ಬರಿಗಣ್ಣಿನಿಂದ ಹತ್ತಿರ ನೋಡಿದರು. ಅವರ ಶರ್ಟಿನಿಂದ ಗಾಜಿನ ಪುಡಿಯ ಒದ್ದೆ ವಾಸನೆ ಬರುತ್ತಿತ್ತು.

"ಇಷ್ಟೇನಾ?" ಎಂದರು.

ಹೌದು ಎಂದಳು. ಅವರು ತಮ್ಮ ಮೇಜಿಗೆ ಹೋಗಿ ಕೂತರು. ಒಂದು ಟ್ರೇ ತೆಗೆದುಕೊಂಡರು, ಅಳೆದರು, ಚೀಟಿ ನೋಡಿದರು, ಪಕ್ಕಕ್ಕಿಟ್ಟರು. ಎರಡನೆಯ ಸಲ ಎತ್ತಿಕೊಳ್ಳಲಿಲ್ಲ. ಅವಳ ಕಡೆಯೂ ನೋಡಲಿಲ್ಲ, ಅಂದು ಸಂಜೆಯವರೆಗೆ ನೋಡಲಿಲ್ಲ.

ಸ್ಟೋರಿನ ಕೋಣೆಯಲ್ಲಿ ಒಂದು ಲ್ಯಾಂಡ್‌ಲೈನ್ ಫೋನಿತ್ತು. ಚೌಕಟ್ಟುಗಳ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಸ್ಟೂಲು ಎಳೆದುಕೊಂಡು ಕೂತು ಪಟ್ಟಿಯ ಮೊದಲ ನಂಬರು ಒತ್ತಿದಳು. ಏನು ಹೇಳಬೇಕೆಂದು ಕಾಗದದ ಮೇಲೆ ಬರೆದುಕೊಂಡಿದ್ದಳು, ಅವಳು ಯಾವಾಗಲೂ ಹಾಗೆಯೇ, ಬಾಡಿಗೆ ಮನೆಯವರಿಗೆ ನಲ್ಲಿ ಸೋರುತ್ತದೆ ಎಂದು ಹೇಳುವುದಕ್ಕೂ ಬರೆದುಕೊಳ್ಳುವವಳು. ಹೆಂಗಸೊಬ್ಬಳು ಎತ್ತಿದಳು, ಸೊಸೆ ಎಂದು ಆಮೇಲೆ ತಿಳಿಯಿತು. ಮಾವನವರ ಹತ್ತಿರ ಮಾತಾಡಬೇಕಿತ್ತು ಎಂದರೆ, ಅವರಿಗೆ ಈಗೀಗ ಫೋನ್ ಕೊಡುವುದಿಲ್ಲ, ಅವರು ಸ್ವಲ್ಪ... ಎಂದು ನಿಲ್ಲಿಸಿ, ಏನಿದ್ದರೂ ನನಗೇ ಹೇಳಿ ಎಂದಳು. ಆ 'ಸ್ವಲ್ಪ' ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಮಾತನ್ನು ಅದೇ ಜಾಗದಲ್ಲಿ ನಿಲ್ಲಿಸಿ ಎಷ್ಟು ಜನಕ್ಕೆ ಹೇಳಿದ್ದಳು ಅವಳೇ. ಇಲ್ಲ, ಅವರಿಗೇ ಹೇಳಬೇಕು, ಅವರ ಕನ್ನಡಕದ ವಿಷಯ ಎಂದಳು. ಫೋನನ್ನು ಎಲ್ಲೋ ಇಟ್ಟ ಸದ್ದು. ದೂರದಲ್ಲಿ ಮಾತು. ಆಮೇಲೆ ಕಾಲು ಸವರಿಕೊಂಡು ಬರುವ ಸದ್ದು, ಒಂದು ಬಿಡುವು, ಹೆಜ್ಜೆ. ಅವಳು ಕಣ್ಣು ಮುಚ್ಚಿಕೊಂಡಳು.

ಅವರು ಬಡಗಿಯಂತೆ. ಕಾಗದದಲ್ಲಿದ್ದುದನ್ನು ಅವಳು ಓದಿ ಮುಗಿಸುವ ತನಕ ನಡುವೆ ಬಾಯಿ ಹಾಕಲಿಲ್ಲ. ಅಂಗಡಿಯವನು ಚೌಕಟ್ಟು ಬದಲಾಯಿಸಬೇಕೆಂದು ವಾಪಸ್ಸು ಕಳಿಸಿದ್ದ, ಹೌದು, ನ್ಯಾಪಕವಿದೆ ಎಂದರು. ಅಂದಿನಿಂದ ಹಲಗೆಯ ಮೇಲೆ ಎಳೆದ ಗೆರೆಯೆಲ್ಲ ಓರೆ. ಬಾಗಿಲು ಕೂರಿಸಿದರೆ ಓರೆ. ಮಗ ಬಂದು ಅಳತೆಪಟ್ಟಿ ಹಿಡಿದು ನೋಡಿ, ಅಪ್ಪ ನೆಟ್ಟಗೇ ಇದೆಯಲ್ಲ ಎಂದರೆ ಇವರಿಗೆ ಸಿಟ್ಟು. ನೆಟ್ಟಗಿದೆ ಎಂದು ಇವರು ಕೂರಿಸಿದರೆ ಅದು ಓರೆ ಎಂದು ಮಗನಿಗೆ ಸಿಟ್ಟು. ಹೇಳುತ್ತ ಹೇಳುತ್ತ ಅವರ ದನಿ ಸ್ವಲ್ಪ ಸ್ವಲ್ಪವೇ ಗಟ್ಟಿಯಾಯಿತು.

"ಹಾಗಾದ್ರೆ ನಂಗೇನೂ ಆಗಿಲ್ಲ."

"ಇಲ್ಲ. ನಿಮಗೇನೂ ಆಗಿಲ್ಲ."

ಅವರು ಫೋನಿನಿಂದ ಬಾಯಿ ತೆಗೆದು ಯಾರಿಗೋ ಆ ಮಾತನ್ನು ಹೇಳಿದರು. ಜೋರಾಗಿ ಅಲ್ಲ, ಮಳೆ ನಿಂತಿತು ಎಂದು ಹೇಳುವ ಹಾಗೆ. ಮತ್ತೆ ಬಂದು ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು?"

ಇದು ಕಾಗದದಲ್ಲಿರಲಿಲ್ಲ. ಇವತ್ತು ಎನ್ನಬಹುದಿತ್ತು, ಅವರು ನಂಬುತ್ತಿದ್ದರು, ಒಳ್ಳೆಯ ಹುಡುಗಿ, ಗೊತ್ತಾದ ತಕ್ಷಣ ಫೋನ್ ಮಾಡಿದಳು ಎಂದು ಸೊಸೆಗೆ ಹೇಳುತ್ತಿದ್ದರು. ರಟ್ಟಿನ ಪೆಟ್ಟಿಗೆಗಳ ಸಾಲು ಅವಳ ಕಣ್ಣಿಗೆ ಒಂದು ಕಡೆ ವಾಲಿದಂತೆ ಕಂಡಿತು.

"ಒಂಬತ್ತು ದಿನ ಆಯ್ತು," ಎಂದಳು.

ಅವರು ಎಣಿಸುತ್ತಿದ್ದರೆಂದು ಕಾಣುತ್ತದೆ. "ಮೊನ್ನೆ ಮಂಗಳವಾರ ಅಂಗಡಿ ಬೀಗದಕೈ ಮಗನ ಕೈಗೆ ಕೊಟ್ಟೆ," ಎಂದರು. "ಇನ್ನು ನನ್ನ ಕೈಲಿ ಆಗಲ್ಲಪ್ಪ ಅಂತ ನಾಲ್ಕು ಜನರ ಮುಂದೆ ಹೇಳಿ ಕೊಟ್ಟೆ. ಮಂಗಳವಾರ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಬೈಗುಳಕ್ಕೆ ಅವಳು ಮತ್ತೆ ಕಾದಳು, ಈ ಸಲ ಅದು ಬಂದೇ ಬರುತ್ತದೆ ಎಂಬ ಒಂದು ಬಗೆಯ ಆಸೆಯಿಂದ. ಹೊರಗೆ ಯಂತ್ರ ಒಂದು ಗಾಜು ಮುಗಿಸಿ ಇನ್ನೊಂದಕ್ಕೆ ಹತ್ತಿತು.

"ನಮ್ಮ ಹಾಗೆ ಇನ್ನೂ ಎಷ್ಟು ಜನ ಇದಾರೆ?"

"ಮೂವತ್ತಾರು. ನಿಮಗೇ ಮೊದಲು ಮಾಡಿದ್ದು."

"ಮತ್ತೆ ನನ್ನ ಹತ್ತಿರ ಏನು ಮಾತಾಡ್ತಾ ಕೂತಿದೀರಿ?" ಎಂದರು ಬಡಗಿ. "ಇಡಿ ಫೋನು."

ಅವಳು ಇಟ್ಟಳು. ಕಾಗದವನ್ನು ಮಗುಚಿ ಪಕ್ಕಕ್ಕೆ ಸರಿಸಿ, ಎರಡನೆಯ ನಂಬರು ಒತ್ತಿದಳು.